ಪಂಪಮ್ಮನ ಕೈಯ ಹಸಿಮೀನು

ಹಂಪಸಾಗರದ ಪಂಪಮ್ಮ ಯಾರ ಮನೆಯ ನೀರನ್ನೂ ಮೂಸಿ ನೋಡದೆ ಕುಡಿದವಳಲ್ಲ. ಅದನ್ನೂ ಕದ್ದುಮುಚ್ಚಿ ಮಾಡುತ್ತಿರಲಿಲ್ಲ, ಕೊಟ್ಟವರ ಎದುರಿಗೇ ತಂಬಿಗೆಯನ್ನು ಮೂಗಿನ ತನಕ ಎತ್ತುವಳು. ಸೊಪ್ಪು ಕೊಂಡರೆ ಕಟ್ಟು ಬಿಚ್ಚಿಸುವಳು. ಬಸ್ಸಿನಲ್ಲಿ ಪಕ್ಕದ ಹೆಂಗಸು ಸುಮ್ಮನೆ ನಕ್ಕರೂ ಚೀಲವನ್ನು ತೊಡೆಯ ಮೇಲಕ್ಕೆ ಎಳೆದುಕೊಳ್ಳುವಳು. ಓಣಿಯವರಿಗೆ ಇದು ಒಗ್ಗಿಹೋಗಿತ್ತು. "ಪಂಪವ್ವಗ ತನ್ನ ನೆಳ್ಳಿನ ಮ್ಯಾಲೂ ಅನುಮಾನ" ಎಂದು ನಕ್ಕು ಬಿಡುತ್ತಿದ್ದರು.

ಆಕೆ ಹುಟ್ಟುತ್ತಲೇ ಹಾಗಿದ್ದವಳಲ್ಲ. ಗಂಡ ಬೊಮ್ಮಯ್ಯ ಸಂಡೂರಿನ ಕಡೆ ಅದಿರು ಲಾರಿ ಓಡಿಸುತ್ತಿದ್ದ. ಬಂದಾಗ ಬರುತ್ತಿದ್ದ, ಹೋದಾಗ ಹೋಗುತ್ತಿದ್ದ. ದುಡಿಯುವ ಗಂಡಸು, ಹೀಗೇ ಇರುವುದು ಎಂದು ಪಂಪಮ್ಮ ಅಂದುಕೊಂಡಿದ್ದಳು. ಒಂದು ಸಲ ನೆಂಟರ ಮದುವೆಗೆ ಹೋಗಿದ್ದಾಗ, ಅರಿಶಿನ ಕುಂಕುಮ ಕೊಡುತ್ತ ಬಂದ ಹೆಂಗಸು ಆಕೆಯ ಮುಂದೆ ನಿಂತು, "ನೀವು ಯಾರ ಮನಿಯವರವ್ವಾ?" ಎಂದಳು.

"ಹಂಪಸಾಗರದ ಲಾರಿ ಬೊಮ್ಮಯ್ಯನ ಹೆಂಡ್ತಿರೀ."

ಆ ಹೆಂಗಸಿನ ಕೈ ಬಟ್ಟಲಲ್ಲೇ ನಿಂತಿತು. ಕಣ್ಣು ಚಪ್ಪರದ ಆಚೆ ಮೂಲೆಗೆ ಹೋಯಿತು. ಅಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ ಇನ್ನೊಬ್ಬಳು ಈಗಷ್ಟೇ ಇದೇ ಮಾತು ಹೇಳಿ ಕುಂಕುಮ ಇಡಿಸಿಕೊಂಡಿದ್ದಳು.

ಗಂಡನನ್ನು ಆಕೆ ಮತ್ತೆ ಹೊಸ್ತಿಲು ದಾಟಲು ಬಿಡಲಿಲ್ಲ. ಆದರೆ ಅವಳನ್ನು ಒಳಗಿನಿಂದ ಸುಟ್ಟದ್ದು ಗಂಡನ ಕೆಲಸವಷ್ಟೇ ಅಲ್ಲ. ಓಣಿಗೆಲ್ಲ ಅದು ಮೊದಲೇ ಗೊತ್ತಿತ್ತು. ಪಕ್ಕದ ಮನೆಯ ಪಕ್ಕೀರಪ್ಪನಿಗೂ ಗೊತ್ತಿತ್ತು. ಆತ ಮನೆಗೆ ಹೊಂದಿಕೊಂಡೇ ಹಿಟ್ಟಿನ ಗಿರಣಿ ಇಟ್ಟುಕೊಂಡವನು; ಮದುವೆಯಾಗಿ ಬಂದಾಗಿನಿಂದ ಆಕೆ ಆತನನ್ನು ಅಣ್ಣ ಎಂದೇ ಕರೆದವಳು. ಕೇಳಿದ್ದಕ್ಕೆ ಆತ ತಲೆ ತಗ್ಗಿಸಿ, "ನಿನಗ ನೋವಾಗಬಾರದು ಅಂತ ಹೇಳಲಿಲ್ಲ ತಂಗಿ" ಅಂದ. ಆವತ್ತಿನಿಂದ ಪಂಪಮ್ಮನಿಗೆ, ಮಂದಿ ನಗುವ ಹಿಂದೆ ಏನೋ ಮುಚ್ಚಿಟ್ಟುಕೊಂಡೇ ನಗುತ್ತಾರೆ ಅನ್ನಿಸತೊಡಗಿತು. ಮತ್ತೆ ಆ ಅನಿಸಿಕೆ ಬಿಡಲೇ ಇಲ್ಲ. ಪಕ್ಕೀರಪ್ಪನನ್ನು ಅಣ್ಣ ಎನ್ನುವುದನ್ನೂ ಬಿಟ್ಟಳು.

ಹೊಟ್ಟೆಪಾಡಿಗೆ ಮೀನು ಮಾರುವ ಕೆಲಸ ಹಿಡಿದಳು. ಬೆಳಕು ಹರಿಯುವ ಹೊತ್ತಿಗೆ ಡ್ಯಾಮಿನ ಹಿನ್ನೀರಿನ ದಂಡೆಗೆ ಹೋಗಿ, ಹರಿಗೋಲು ದಡ ಮುಟ್ಟುತ್ತಲೇ ಬಲೆಯಿಂದ ಬಿಡಿಸಿದ ಮೀನನ್ನು ತಾನೇ ಆರಿಸಿ ಬುಟ್ಟಿಗೆ ಹಾಕಿಕೊಂಡು ಹಗರಿಬೊಮ್ಮನಹಳ್ಳಿಯ ಬಸ್ಸು ಹತ್ತುವಳು. ಅಲ್ಲಿ ಜಂಬಕ್ಕ ಎಂಬ ಹಿರಿಯಳ ಪಕ್ಕ ಗೋಣಿ ಹಾಸಿಕೊಂಡು ಕೂತು, ಈಳಿಗೆ ಮಣೆ ಮೆಟ್ಟಿ, ಬೂದಿ ಹಚ್ಚಿ ಹುರುಪೆ ತೆಗೆದು ಕೊಯ್ದು ಕೊಡುವಳು. ಕೈ ಚುರುಕು. ತೂಕದಲ್ಲಿ ಮೋಸ ಇಲ್ಲ. ಗಿರಾಕಿಗಳು ಆಕೆಯ ಸಿಡಿಮಿಡಿಯನ್ನು ಸಹಿಸಿಕೊಂಡೇ ಬರುತ್ತಿದ್ದರು.

ಮನೆಯಲ್ಲಿ ಆಕೆಗೆ ಜೊತೆ ಎಂದರೆ ಬೆಕ್ಕುಗಳು. ಕೆಂಚಿ ಎಂಬ ತಾಯಿ, ಅದರ ಮಕ್ಕಳು ಚುಕ್ಕಿ ಮತ್ತು ಕರಿಯ. ಅವುಗಳ ಹತ್ತಿರ ಮಾತ್ರ ಪಂಪಮ್ಮ ಬಾಯಿ ಬಿಚ್ಚಿ ಮಾತಾಡುತ್ತಿದ್ದಳು. ಬೆಕ್ಕು ಹಸಿದರೆ ಹಸಿದೆ ಅನ್ನುತ್ತದೆ, ಸಿಟ್ಟು ಬಂದರೆ ಪರಚುತ್ತದೆ, ಒಳಗೊಂದು ಹೊರಗೊಂದು ಇಲ್ಲ ಎನ್ನುವುದು ಆಕೆಯ ಲೆಕ್ಕ.

ಹೋದ ವರ್ಷ ಮಾಗಿಯಲ್ಲಿ ಚುಕ್ಕಿ ಗಿರಣಿಯ ಹಿಂದಿನ ಸಂದಿಯಲ್ಲಿ ಸತ್ತು ಬಿದ್ದಿತ್ತು. ಬಾಯಲ್ಲಿ ನೊರೆ. ಗಿರಣಿ ಎಂದ ಮೇಲೆ ಇಲಿ, ಇಲಿ ಎಂದ ಮೇಲೆ ಪಾಷಾಣ. ಪಕ್ಕೀರಪ್ಪ ಹಿಂದೆಲ್ಲ ಹಿಟ್ಟಿನ ಉಂಡೆಗೆ ಇಲಿಪಾಷಾಣ ಬೆರೆಸಿ ಮೂಲೆಮೂಲೆಗೆ ಇಡುತ್ತಿದ್ದದ್ದು ಊರಿಗೇ ಗೊತ್ತು.

"ನಾನು ಪಾಷಾಣ ಇಡೋದು ಬಿಟ್ಟು ಎಷ್ಟೋ ದಿನ ಆತು ತಂಗಿ," ಎಂದ ಆತ. "ನಿನ್ನ ಬೆಕ್ಕು ಅದಾವಲ್ಲ, ಅವೇ ಇಲಿ ನೋಡಿಕೊಳ್ತಾವು. ಅದಕ್ಕ ನಾನೇ ದಿನಾ ಅವಕ್ಕ ಹಾಲು ರೊಟ್ಟಿ ಹಾಕ್ತೀನಿ."

ಆತ ಸಮಾಧಾನ ಹೇಳಲು ಆಡಿದ ಆ ಕೊನೆಯ ಮಾತೇ ಪಂಪಮ್ಮನ ಎದೆಯಲ್ಲಿ ಮುಳ್ಳಾಗಿ ಕೂತಿತು. ದಿನಾ ಹಾಲು ಹಾಕುತ್ತಾನಂತೆ! ಯಾಕೆ ಹಾಕುತ್ತಾನೆ? ತನಗೆ ಹೇಳದೆ ಯಾಕೆ ಹಾಕುತ್ತಾನೆ? ಒಮ್ಮೆ ಮುಚ್ಚಿಟ್ಟವನು ಇನ್ನೊಮ್ಮೆ ಮುಚ್ಚಿಡುವುದಿಲ್ಲವೇ?

ಅವತ್ತೇ ಹಿತ್ತಲ ಗೋಡೆಯ ಮೇಲೆ ಹಳೆಯ ಮೀನು ಬಲೆಯನ್ನು ಚಪ್ಪರದ ಹಾಗೆ ಎಳೆದು ಕಟ್ಟಿದಳು. ಉಳಿದ ಎರಡು ಬೆಕ್ಕು ಅದರೊಳಗೇ ಇರಬೇಕು. ಇನ್ನು ಮೇಲೆ ಅವು ತಿನ್ನುವುದು ತನ್ನ ಕೈಯಿಂದ ಮಾತ್ರ. ಹಾಲು ಬೇಡ, ಅದು ಯಾರದೋ ಕೊಟ್ಟಿಗೆಯಿಂದ ಬರುತ್ತದೆ. ಅನ್ನ ರೊಟ್ಟಿಯೂ ಬೇಡ, ಅದರ ರುಚಿ ಹತ್ತಿದರೆ ಯಾರು ಚೂರು ಎಸೆದರೂ ಬಾಯಿ ಹಾಕುತ್ತವೆ. ಹಸಿಮೀನು ಒಂದೇ ಸಾಕು.

"ಹಸಿಮೀನಿನಾಗ ಯಾರೂ ಏನೂ ಬೆರಸಾಕ ಬರಂಗಿಲ್ಲ," ಎಂದು ಜಂಬಕ್ಕನಿಗೆ ಹೇಳಿದಳು. "ನನ್ನ ಕಣ್ಣೆದುರಿಗೆ ನೀರಿಂದ ಬಂದದ್ದು, ನಾನೇ ಕೊಯ್ದದ್ದು."

ಜಂಬಕ್ಕನ ಮಗಳು ಶೃತಿ ಮೊಬೈಲು ತಿರುಗಿಸಿ ತೋರಿಸಿದಳು. "ನೋಡು ಚಿಗವ್ವ, ದೊಡ್ಡ ಊರಾಗೂ ಈಗ ಬೆಕ್ಕಿಗೆ ಹಸಿದೇ ಹಾಕ್ತಾರಂತ. ಬೇಯಿಸಿದ್ದು ತಿನ್ಸಂಗಿಲ್ಲಂತ." ಪರದೆಯಲ್ಲಿ ಹತ್ತಿಯಂತಹ ಬಿಳಿ ಬೆಕ್ಕೊಂದು ತಟ್ಟೆಯಲ್ಲಿದ್ದ ಹಸಿಮಾಂಸ ಮೆಲ್ಲುತ್ತಿತ್ತು. ಎಂದೂ ಯಾರ ಮಾತನ್ನೂ ನಂಬದ ಪಂಪಮ್ಮ ಅದನ್ನು ಮಾತ್ರ ನಂಬಿದಳು. ತಾನು ಆಗಲೇ ಮಾಡುತ್ತಿದ್ದುದನ್ನೇ ಅದು ಹೇಳಿತಲ್ಲ.

ಹೀಗೆ ಮಾರಿ ಉಳಿದ ಸಣ್ಣ ಗೆಂಡೆ ಮೀನು, ಕೊಯ್ದಾಗ ಬಂದ ತಲೆ, ಕರುಳು, ಎಲ್ಲ ಒಂದು ಡಬ್ಬಿಯಲ್ಲಿ ಮನೆಗೆ ಬರತೊಡಗಿತು. ಎರಡು ಹೊತ್ತೂ ಅದೇ. ಮೊದಮೊದಲು ಬೆಕ್ಕುಗಳ ಮೈ ಮಿರಮಿರ ಮಿಂಚಿತು. ಕ್ರಮೇಣ ಅವಕ್ಕೆ ಬೇರೆ ಏನು ಮುಂದಿಟ್ಟರೂ ಮೂಸಿ ಮುಖ ತಿರುಗಿಸುವ ಚಟ ಹತ್ತಿತು. ಪಂಪಮ್ಮನಿಗೆ ಅದೇ ಹೆಮ್ಮೆ. "ನನ್ನಂಗ ಆಗ್ಯಾವು. ಯಾರನ್ನೂ ನಂಬಂಗಿಲ್ಲ" ಎನ್ನುವಳು.

ಬೇಸಿಗೆ ಕಳೆಯುವಷ್ಟರಲ್ಲಿ ಕರಿಯ ಮಂಕಾಯಿತು. ಮೊದಲು ಮೀನಿನ ಮುಂದೆ ಕೂತು ಜೊಲ್ಲು ಸುರಿಸುತ್ತಿತ್ತು, ತಿನ್ನುತ್ತಿರಲಿಲ್ಲ. ಆಮೇಲೆ ಕುಡುಕನ ಹಾಗೆ ಹಿಂಗಾಲು ಓಲಾಡಿಸುತ್ತ ನಡೆಯತೊಡಗಿತು. ಗೋಡೆಗೆ ಜಿಗಿಯಲು ಹೋಗಿ ಅರ್ಧಕ್ಕೇ ಬಿದ್ದಿತು. ಕೆಂಚಿ ಕೂಡ ಒಂದು ಮೂಲೆ ಹಿಡಿಯಿತು.

ಪಂಪಮ್ಮನಿಗೆ ಬೇರೆ ಯೋಚನೆಯೇ ಬರಲಿಲ್ಲ. ವಿಷ. ತಾನು ಸಂತೆಗೆ ಹೋದಾಗ ಯಾರೋ ಬಂದು ವಿಷ ಹಾಕುತ್ತಿದ್ದಾರೆ. ಯಾರೋ ಏನು, ಯಾರೆಂದು ಗೊತ್ತೇ ಇದೆ. ಸಾಕ್ಷಿ ಒಂದು ಬೇಕು ಅಷ್ಟೆ.

ಮರುದಿನ ಹೊರಡುವ ಮುಂಚೆ ಮೀನಿಗೆ ಹಚ್ಚುವ ಬೂದಿಯನ್ನು ಜರಡಿ ಹಿಡಿದು ಹಿತ್ತಲ ಗೋಡೆಯ ಉದ್ದಕ್ಕೂ ತೆಳ್ಳಗೆ ಹರಡಿದಳು. ಸಂಜೆ ಬುಟ್ಟಿ ಇಳಿಸದೆ ನೇರ ಹಿತ್ತಲಿಗೇ ಹೋದಳು. ಬಲೆಯ ಒಂದು ತುದಿ ಸಡಿಲಾಗಿತ್ತು. ಬೂದಿಯ ಮೇಲೆ ಚಪ್ಪಲಿಯ ಗುರುತು ಅಚ್ಚೊತ್ತಿದಂತೆ ಬಿದ್ದಿತ್ತು. ಟೈರಿನ ಅಟ್ಟೆಯ ಗೀರುಗೀರು ಗುರುತು. ಓಣಿಯಲ್ಲಿ ಟೈರಿನ ಅಟ್ಟೆ ಹಾಕಿಸಿಕೊಂಡು ಓಡಾಡುವವನು ಪಕ್ಕೀರಪ್ಪ ಒಬ್ಬನೇ. ಆ ಗುರುತಿನ ಪಕ್ಕ ಒಂದು ಅಲ್ಯೂಮಿನಿಯಂ ಬಟ್ಟಲು, ಅದರಲ್ಲಿ ಹಾಲಿಗೆ ನೆನೆಹಾಕಿದ ಜೋಳದ ರೊಟ್ಟಿ.

ಬಟ್ಟಲು ಹಿಡಿದುಕೊಂಡು ಗಿರಣಿಗೆ ನುಗ್ಗಿದಳು. ಗಿರಣಿಯಲ್ಲಿ ಮಂದಿ ಇದ್ದರು.

"ಇದು ಯಾರದು?"

ಪಕ್ಕೀರಪ್ಪ ಹಿಟ್ಟು ಮೆತ್ತಿದ ಹುಬ್ಬು ಒರೆಸಿಕೊಂಡ. "ನಂದೇ. ನಿನ್ನ ಕರಿಯ ತೂರಾಡೋದು ಗ್ವಾಡಿ ಮ್ಯಾಲಿಂದ ನೋಡಿದೆ. ಹೊಟ್ಟಿಗೆ ಏನೂ ಇಲ್ಲೇನೋ ಅಂತ…"

"ಒಪ್ಪಿಕೊಂಡ ನೋಡ್ರಿ! ಎಲ್ಲಾರೂ ಕೇಳಿದ್ರಿಲ್ಲ? ಚುಕ್ಕೀನ ಕೊಂದ, ಈಗ ಇವನ್ನೂ ಕೊಲ್ಲಾಕ ಹತ್ಯಾನ. ನಿಮ್ಮ ಹಿಟ್ಟಿನಾಗ ಏನು ಬೆರಸ್ಯಾನೋ ನೋಡ್ಕೋರಿ!"

"ಪಂಪವ್ವಾ, ಬಾಯಿ ಬಿಗಿ ಹಿಡಿ. ಹಾಲು ಹಾಕೀನಿ. ವಿಷ ಹಾಕಿಲ್ಲ."

"ಹಂಗಾದ್ರ ಕಳ್ಳನಂಗ ಬಲಿ ಬಿಚ್ಚಿ ಯಾಕ ಹಾಕಿದಿ?"

"ಕೇಳಿದ್ರ ನೀನು ಬ್ಯಾಡ ಅಂತಿದ್ದಿ."

ಪಂಪಮ್ಮ ಬಟ್ಟಲಲ್ಲಿದ್ದುದನ್ನು ಮೋರಿಗೆ ಸುರಿದು, ಬಟ್ಟಲನ್ನು ಅವನ ಕಾಲ ಬಳಿ ಎಸೆದು ಬಂದಳು. ಹಿಂದಿನಿಂದ ಯಾರೋ ಗೊಣಗಿದ್ದು ಕೇಳಿಸಿತು. ಅದು ತನ್ನ ಬಗ್ಗೆಯೋ ಅವನ ಬಗ್ಗೆಯೋ ತಿಳಿಯಲಿಲ್ಲ. ಮರುದಿನದಿಂದ ಓಣಿಯ ಒಂದಿಷ್ಟು ಹೆಂಗಸರು ಜೋಳವನ್ನು ಆಚೆ ಕೇರಿಯ ಗಿರಣಿಗೆ ಒಯ್ಯತೊಡಗಿದರು.

ಜಗಳದ ಮರುದಿನ ಬೆಳಗ್ಗೆಯೇ ಕರಿಯನಿಗೆ ಸೆಳೆತ ಬಂದು ನಾಲ್ಕೂ ಕಾಲು ಒದ್ದುಕೊಂಡು ಪಂಪಮ್ಮನ ಮಡಿಲಲ್ಲೇ ಸತ್ತಿತು. ಕೆಂಚಿಯ ಗದ್ದ ಎದೆಗೆ ಅಂಟಿಕೊಂಡಿತ್ತು, ಎತ್ತಿ ಬಿಟ್ಟರೆ ಮತ್ತೆ ಬಾಗುತ್ತಿತ್ತು. ಫೋನಿನಲ್ಲಿ ಅಳುತ್ತ ಹೇಳಿದ್ದಕ್ಕೆ ಜಂಬಕ್ಕ, "ಅತ್ತರ ಏನು ಬಂತಲೇ? ದನದ ದವಾಖಾನಿಗೆ ತಗೊಂಡು ಬಾ. ವಿಷ ಅಂತ ಡಾಕ್ಟ್ರು ಬರಕೊಟ್ರ ಪೊಲೀಸರಿಗೆ ಕೊಡಾಕ ಬರ್ತೈತಿ," ಎಂದಳು.

ಕೆಂಚಿಯನ್ನು ಬದುಕಿಸುವ ಆಸೆಗಿಂತ ಹೆಚ್ಚಾಗಿ ಆ ಮಾತೇ ಪಂಪಮ್ಮನನ್ನು ಎಬ್ಬಿಸಿತು. ಸತ್ತ ಕರಿಯನನ್ನು ಗೋಣಿಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಕೆಂಚಿಯನ್ನು ಮೀನಿನ ಬುಟ್ಟಿಯಲ್ಲಿ ಕೂರಿಸಿಕೊಂಡು ಬಸ್ಸು ಹತ್ತಿದಳು.

ಪಶು ಆಸ್ಪತ್ರೆಯ ಡಾಕ್ಟರು ಸುಕನ್ಯಾ, ಹರಪನಹಳ್ಳಿ ಕಡೆಯವರು. ಎಮ್ಮೆಯೊಂದರ ಕೆಚ್ಚಲು ನೋಡಿ ಕೈ ತೊಳೆಯುತ್ತಿದ್ದರು. ಪಂಪಮ್ಮ ಚೀಲ ಮತ್ತು ಬುಟ್ಟಿ ಎರಡನ್ನೂ ಮೇಜಿನ ಮೇಲಿಟ್ಟು, "ವಿಷ ಹಾಕ್ಯಾರ ಅಂತ ಬರಕೊಡ್ರಿ ಮೇಡಮ್ಮಾರ" ಎಂದಳು.

"ಬರೆಯೋದು ಆಮೇಲೆ. ಸತ್ತದ್ದನ್ನ ಕೊಯ್ದು ಪರೀಕ್ಷೆಗೆ ಕಳಿಸ್ಬೇಕಾಗುತ್ತೆ. ಮೊದ್ಲು ಬದುಕಿರೋದನ್ನ ನೋಡಾಣ." ಡಾಕ್ಟರು ಕೆಂಚಿಯ ಕಣ್ಣಿಗೆ ಬ್ಯಾಟರಿ ಬಿಟ್ಟರು. ಅಷ್ಟು ಬೆಳಕಿಗೂ ಕಣ್ಣಿನ ಪಾಪೆ ಅಗಲವಾಗೇ ಇತ್ತು. ಕುತ್ತಿಗೆ ಎತ್ತಿ ಬಿಟ್ಟು ನೋಡಿದರು, ನೆಲದ ಮೇಲೆ ನಡೆಸಿ ನೋಡಿದರು.

"ಏನ್ ಹಾಕ್ತೀರಮ್ಮ ತಿನ್ನಕ್ಕೆ?"

"ಮೀನು."

"ಬೇಯಿಸಿದ್ದೋ?"

"ಹಸೀದು. ನಾನೇ ಕೊಯ್ದದ್ದು. ಗೆಂಡಿ ಮೀನು, ತಲಿ, ಕರುಳು."

"ಅದರ ಜೊತೆಗೆ?"

"ಏನೂ ಇಲ್ಲ. ಬ್ಯಾರೆ ಏನೂ ಮುಟ್ಟಸಂಗಿಲ್ಲ. ಅದಕ್ಕ ಹೇಳ್ತೀನಿ, ನನ್ನ ಕೈಯಿಂದ ತಪ್ಪಿಸಿ ಯಾರೋ ಹಾಕ್ಯಾರ…"

"ಎಷ್ಟು ದಿನದಿಂದ?"

"ಮಾಗಿಯಿಂದ."

ಸುಕನ್ಯಾ ಕುರ್ಚಿ ಎಳೆದುಕೊಂಡು ಕೂತರು. "ನೋಡ್ರಮ್ಮ, ಇದು ಇಲಿಪಾಷಾಣ ಅಲ್ಲ ಅನ್ಸುತ್ತೆ ನಂಗೆ. ಕೆಲವು ಮೀನು ಹಸೀದಿದ್ದಾಗ, ಅದ್ರಲ್ಲೂ ಗೆಂಡೆ ಜಾತಿ ಮೀನಿನ ಕರುಳಿನಾಗೆ, ಒಂದು ಅಂಶ ಇರುತ್ತೆ. ನರಕ್ಕೆ ಬೇಕಾದ ಒಂದು ಜೀವಸತ್ವ ಐತಲ್ಲ, ಅದನ್ನ ಅದು ಹೊಟ್ಟೆಯೊಳಗೇ ಹಾಳು ಮಾಡ್ತದೆ. ಒಂದಿನ ಎರಡು ದಿನ ತಿಂದ್ರೆ ಏನೂ ಆಗಲ್ಲ. ಬರೀ ಅದನ್ನೇ ತಿಂದ್ರೆ ನರ ಸೋತು ಹಿಂಗೆ ತೂರಾಡ್ತವೆ. ಬೇಯಿಸಿದ್ರೆ ಆ ದೋಷ ಹೋಗುತ್ತೆ."

ಪಂಪಮ್ಮ ಡಾಕ್ಟರ ಮುಖವನ್ನೇ ದಿಟ್ಟಿಸಿದಳು. "ಬೆಕ್ಕಿಗೆ ಮೀನು ವಿಷ ಅಂತೀರೇನು?"

"ಮೀನು ವಿಷ ಅಲ್ಲ. ಬರೀ ಹಸಿಮೀನು ಒಂದೇ ಹಾಕಿದ್ದು ತಪ್ಪು."

"ಫೋನಿನಾಗ ಹಸೀದೇ ಹಾಕ್ತಾರ್ರೀ. ನಾನೇ ನೋಡೀನಿ."

"ಅವ್ರು ಮಾಂಸ, ಈಲಿ ಅಂದ್ರೆ ಲಿವರು, ಇನ್ನೂ ಏನೇನೋ ಸೇರಿಸಿ ಹಾಕ್ತಾರೆ. ಅದೂ ಎಲ್ರಿಗೂ ಸರಿಹೋಗಲ್ಲ. ನೀವು ಹಾಕಿದ್ದು ಒಂದೇ ಮೀನು."

ಪಂಪಮ್ಮ ದನಿ ತಗ್ಗಿಸಿದಳು. "ಹಂಪಸಾಗರದಿಂದ ಯಾರರ ನಿಮಗ ಫೋನ್ ಮಾಡಿದ್ರೇನು? ಗಿರಣಿ ಪಕ್ಕೀರಪ್ಪ ಅಂತ?"

ಡಾಕ್ಟರಿಗೆ ಮಾತಿನ ತಲೆಬುಡ ತಿಳಿಯಲಿಲ್ಲ. "ಯಾರಮ್ಮ ಅದು?" ಎಂದವರು, ಸೂಜಿಗೆ ಔಷಧಿ ಎಳೆಯುತ್ತ, "ನನ್ನ ಮಾತು ನಂಬಬೇಡಿ. ಇದು ಆ ಜೀವಸತ್ವದ್ದೇ ಸೂಜಿ. ವಿಷ ಆಗಿದ್ರೆ ಇದಕ್ಕೆ ಜಗ್ಗಲ್ಲ. ನಾಳೆ ಮತ್ತೆ ಕರ್ಕೊಂಡು ಬರ್ರಿ, ನೋಡಾಣ" ಎಂದರು.

ಕರಿಯನನ್ನು ಪರೀಕ್ಷೆಗೆ ಕೊಯ್ಯಲು ಪಂಪಮ್ಮನಿಗೆ ಮನಸ್ಸು ಬರಲಿಲ್ಲ. ಹಿಂದಕ್ಕೆ ತಂದು ಹಿನ್ನೀರಿನ ದಂಡೆಯ ಜಾಲಿಮರದ ಬುಡದಲ್ಲಿ ಹೂತಳು. ಮನೆಗೆ ಬಂದು ಕೆಂಚಿಯ ಮುಂದೆ ಕೂತಳು. ವಾಸಿಯಾಗಲಿ ಎಂದು ಒಂದು ಮನಸ್ಸು ಬೇಡುತ್ತಿತ್ತು. ಆಗದೇ ಹೋದರೆ ತಾನು ಅಂದದ್ದೇ ನಿಜವಾಗುತ್ತದಲ್ಲ ಎಂದು ಇನ್ನೊಂದು ಮನಸ್ಸು ಕಾಯುತ್ತಿತ್ತು. ಆ ಎರಡನೆಯದು ತನ್ನದೇ ಎಂದು ತಿಳಿದಾಗ ಆಕೆಗೆ ತನ್ನ ಮೇಲೇ ಹೇಸಿಗೆ ಬಂತು.

ಮರುದಿನ ಬೆಳಗ್ಗೆ ಕೆಂಚಿ ಕತ್ತೆತ್ತಿ ಕೂಗಿತು. ಇನ್ನೆರಡು ಸೂಜಿಯಾದ ಮೇಲೆ ಹೊಸ್ತಿಲು ದಾಟಿ ನಡೆಯಿತು. ಅಷ್ಟಾದರೂ ಪಂಪಮ್ಮನ ತಲೆಯ ಹುಳ ಸುಮ್ಮನಾಗಲಿಲ್ಲ. ಪಕ್ಕೀರಪ್ಪ ಈಗ ಇತ್ತ ಸುಳಿಯುತ್ತಿಲ್ಲ, ಅದಕ್ಕೇ ವಾಸಿಯಾಗಿರಬಹುದಲ್ಲ? ಪರೀಕ್ಷಿಸಲು ದಾರಿಯೊಂದಿತ್ತು. ಮತ್ತೆ ಕೆಲವು ದಿನ ಹಸಿಮೀನೇ ಹಾಕಿ ನೋಡುವುದು. ಒಂದು ಸಂಜೆ ಗೆಂಡೆ ಮೀನೊಂದನ್ನು ಬಾಲ ಹಿಡಿದು ಎತ್ತಿದಳು ಕೂಡ. ಕೆಂಚಿ ಹಿಂಗಾಲಿನ ಮೇಲೆ ನಿಂತು, ಇನ್ನೂ ಕೊಂಚ ಓಲಾಡುತ್ತ, ಆಸೆಯಿಂದ ಬಾಯಿ ತೆರೆಯಿತು. ಅದಕ್ಕೆ ಅನುಮಾನವೇ ಇರಲಿಲ್ಲ. ತಾನು ಕೊಟ್ಟದ್ದನ್ನು ತಿನ್ನುತ್ತದೆ. ಕರಿಯ ಕೂಡ ಹಾಗೆಯೇ ತಿಂದಿತ್ತು.

ಪಂಪಮ್ಮನ ಕೈ ಅಲ್ಲೇ ನಿಂತಿತು. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಮೀನನ್ನು ಅದರೊಳಗೆ ಬಿಟ್ಟು, ಗೋಡೆಗೆ ಒರಗಿ, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಅಳುವುದು ಸುಲಭ, ಗಿರಣಿಗೆ ಹೋಗುವುದು ಕಷ್ಟ. ಇವತ್ತು ನಾಳೆ ಎಂದು ದಿನ ತಳ್ಳಿದಳು. ಕಡೆಗೆ ಒಂದು ಮುಂಜಾನೆ ಜೋಳದ ಡಬ್ಬಿ ಸೊಂಟಕ್ಕಿಟ್ಟುಕೊಂಡು ಹೋಗಿ ಸಾಲಿನಲ್ಲಿ ನಿಂತಳು. ಹಿಂದಿನಷ್ಟು ಮಂದಿ ಇರಲಿಲ್ಲ. ಇದ್ದವರು ತಿರುಗಿ ನೋಡಿದರು. ಪಕ್ಕೀರಪ್ಪ ಆಕೆಯತ್ತ ನೋಡಲೂ ಇಲ್ಲ. ಯಂತ್ರ ಗರಗರ ಸದ್ದು ಮಾಡುತ್ತಿತ್ತು.

"ಪಕ್ಕೀರಪ್ಪ, ವಿಷ ಹಾಕಿದ್ದು ನೀನಲ್ಲ" ಎಂದಳು.

ಆತನಿಗೆ ಕೇಳಿಸಲಿಲ್ಲ. ಆಕೆಯ ತುಟಿ ಅಲುಗಿದ್ದು ಕಂಡು ಮತ್ತೊಂದು ಜಗಳಕ್ಕೇ ಬಂದಳೆಂದು ತಿಳಿದನೇನೋ, ಬಟನ್ ಒತ್ತಿ ಯಂತ್ರ ನಿಲ್ಲಿಸಿದ. ಪಟ್ಟಿ ಸುತ್ತಿ ಸುತ್ತಿ ನಿಂತಿತು.

"ಏನಂದಿ?"

ಈಗ ಎಲ್ಲರಿಗೂ ಕೇಳುವ ಹಾಗೆ ಹೇಳಬೇಕಾಯಿತು. ಪಂಪಮ್ಮ ಡಬ್ಬಿ ಕೆಳಗಿಟ್ಟಳು.

"ನೀನು ವಿಷ ಹಾಕಿಲ್ಲ. ನಾನು ಹಾಕಿದ ಹಸಿಮೀನು ತಿಂದು ಕರಿಯ ಸತ್ತೈತಿ. ಡಾಕ್ಟ್ರವ್ವ ಹೇಳ್ಯಾಳ. ಇಲ್ಲೇ ನಿಂತು ನಿನಗ ಬೈದೆ, ಅದಕ್ಕ ಇಲ್ಲೇ ನಿಂತು ಹೇಳಾಕ ಬಂದೀನಿ."

ಪಕ್ಕೀರಪ್ಪನ ಮುಖ ಸಡಿಲಲಿಲ್ಲ. "ಚುಕ್ಕಿ?"

"ಅದು ನನಗ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ," ಎಂದ ಆತ. "ನಾನು ಕೊಂದಿಲ್ಲ ಅಷ್ಟ ಗೊತ್ತು." ಆಮೇಲೆ, "ಮಂದಿ ಮುಂದ ಹಿಟ್ಟಿನಾಗ ವಿಷ ಅಂದಿ, ಪಂಪವ್ವ. ಹಿಟ್ಟು ಬೀಸೋನಿಗೆ ಅಂಥಾ ಮಾತು ಅನಬಾರದು. ಬೊಮ್ಮಯ್ಯನ ವಿಚಾರ ಹೇಳದಿದ್ದದ್ದು ನನ್ನ ತಪ್ಪು, ಅದನ್ನ ಒಪ್ಪತೀನಿ. ಅದಕ್ಕ ಇಷ್ಟು ದೊಡ್ಡ ಶಿಕ್ಷಾ ಬ್ಯಾಡಾಗಿತ್ತು" ಎಂದ.

"ಹೌದು," ಎಂದಳು ಪಂಪಮ್ಮ.

"ಜೋಳ ಇಟ್ಟು ಹೋಗು. ಸಂಜಿಗಿ ಬಾ."

ಅಷ್ಟೇ ಆಯಿತು. ಆತ ಬೇಗ ಕರಗುವ ಮನುಷ್ಯನಲ್ಲ. ಬಹಳ ದಿನ ಹಿಟ್ಟು ಕೊಟ್ಟು ಮುಖ ತಿರುಗಿಸುತ್ತಿದ್ದ. ಪಂಪಮ್ಮ ಅದನ್ನು ನುಂಗಿಕೊಂಡಳು. ಓಣಿಯ ಒಬ್ಬೊಬ್ಬ ಹೆಂಗಸನ್ನೂ ನಿಲ್ಲಿಸಿ, "ತಪ್ಪು ನಂದೈತಿ, ಅವನ ಗಿರಣಿಗೇ ಹೋಗ್ರಿ" ಎಂದು ತಾನೇ ಹೇಳಿ ಬಂದಳು. ಕೆಲವರು ಮರಳಿದರು, ಕೆಲವರಿಗೆ ಆಚೆ ಕೇರಿಯ ದಾರಿಯೇ ರೂಢಿಯಾಗಿಬಿಟ್ಟಿತ್ತು. ಅವರನ್ನು ಕಂಡಾಗಲೆಲ್ಲ ಪಂಪಮ್ಮ ಮತ್ತೊಮ್ಮೆ ಅದೇ ಮಾತು ಹೇಳುತ್ತಿದ್ದಳು.

ಹಿತ್ತಲ ಬಲೆ ಬಿಚ್ಚಿದಳು. ಈಗ ಮೀನು ಬೇಯಿಸಿ ಮುಳ್ಳು ಆರಿಸಿ ಹಾಕುತ್ತಾಳೆ. ಒಂದು ಹೊತ್ತು ಕೋಳಿ ಈಲಿ, ಒಮ್ಮೊಮ್ಮೆ ಮೊಟ್ಟೆ. ಡಾಕ್ಟರು ಹೇಳಿದ್ದನ್ನು ಹಗರಿಬೊಮ್ಮನಹಳ್ಳಿಯ ಇನ್ನೊಬ್ಬ ಡಾಕ್ಟರ ಹತ್ತಿರವೂ, ಔಷಧಿ ಅಂಗಡಿಯವನ ಹತ್ತಿರವೂ ಕೇಳಿ ಖಾತ್ರಿ ಮಾಡಿಕೊಂಡಿದ್ದಾಳೆ. ಸುಕನ್ಯಾ ಅದನ್ನು ತಿಳಿದು ನಕ್ಕರೇ ಹೊರತು ಬೇಸರಿಸಲಿಲ್ಲ.

ದೀಪಾವಳಿ ಹೊತ್ತಿಗೆ ಕೆಂಚಿ ಮರಿ ಹಾಕಿತು. ಮರಿಗಳು ಹಾಲು ಬಿಟ್ಟ ಮೇಲೆ ಪಕ್ಕೀರಪ್ಪ ತಾನಾಗಿ ಗೋಡೆಯ ಬಳಿ ಬಂದು ನಿಂತ. "ಒಂದು ಕೊಡ್ತೀಯೇನು? ನಿನ್ನ ಬೆಕ್ಕು ಬರೋದು ನಿಂತಾಗಿನಿಂದ ಇಲಿ ಚೀಲ ಎಲ್ಲಾ ಕಡದು ಹಾಕ್ಯಾವು."

ಪಂಪಮ್ಮ ಬೂದುಬಣ್ಣದ ಗಟ್ಟಿ ಮರಿಯೊಂದನ್ನು ಎತ್ತಿ ಕೊಟ್ಟಳು. ಕೊಟ್ಟ ಮಾರನೆಯ ದಿನವೇ ಗಿರಣಿಯ ಬಾಗಿಲಲ್ಲಿ ಇಣುಕಿದಳು. ಅದರ ಮರುದಿನವೂ ಹೋದಳು. ಮರಿಯ ಬಟ್ಟಲು ಎತ್ತಿ ನೋಡಿದಳು, ಅದರ ಕಣ್ಣರೆಪ್ಪೆ ಬಿಡಿಸಿ ನೋಡಿದಳು, ನೆಲಕ್ಕೆ ಬಿಟ್ಟು ನಡಿಗೆ ನೋಡಿದಳು.

ಪಕ್ಕೀರಪ್ಪ ಮೊರದಲ್ಲಿ ಹಿಟ್ಟು ಬಳಿಯುತ್ತಿದ್ದವನು ಕೈ ನಿಲ್ಲಿಸಿದ. "ಯಾಕವ್ವ, ಇನ್ನೂ ನನ್ನ ಮ್ಯಾಲ ನಂಬಿಕಿ ಇಲ್ಲೇನು?"

ಪಂಪಮ್ಮ ಮರಿಯನ್ನು ಮಡಿಲಿಗೆ ಹಾಕಿಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತಳು. "ನಿನ್ನ ಮ್ಯಾಲ ಬಂದೈತಿ ಅಂತ ತಿಳ್ಕೋ. ನನ್ನ ಮ್ಯಾಲ ಹೋಗೈತಿ ಅಣ್ಣ" ಎಂದಳು.

ಅಣ್ಣ ಎಂದು ಹಾಗೆ ಅಂದದ್ದು ಅವಳ ಗಮನಕ್ಕೆ ಬರಲಿಲ್ಲ. ಪಕ್ಕೀರಪ್ಪನಿಗೆ ಬಂತು. ಆತ ಒಳಗೆ ತಿರುಗಿ, "ಇನ್ನೊಂದು ಕಪ್ಪು ಚಾ ಇಡು" ಎಂದು ಹೆಂಡತಿಗೆ ಕೂಗಿ ಹೇಳಿದ.